ಗೋಡೆ ಬೀಳುವ ಮುನ್ನ ಒಂದು ಚಿತ್ರ

ಮೈಸೂರಿನಲ್ಲಿ ಓದಿದ ತಾತ, ಅಜ್ಜಿ ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ‘ನೀವು ಶಾಲೆಯ ಪುಸ್ತಕ ಎಲ್ಲಿ ಕೊಳ್ಳುತ್ತಿದ್ದಿರಿ?’ ಎಂದು ಕೇಳಿ ನೋಡಿ. ‘ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ’ ಎನ್ನುವವರೇ ಹೆಚ್ಚು. ಹೋದ ವರ್ಷ ಯಾರೋ ಓದಿ ಮುಗಿಸಿದ ಪುಸ್ತಕ ಅಲ್ಲಿ ಕಡಿಮೆ ಬೆಲೆಗೆ ಸಿಗುತ್ತಿತ್ತು. ನಮ್ಮ ಪರೀಕ್ಷೆ ಮುಗಿದ ಮೇಲೆ ಅದೇ ಪುಸ್ತಕವನ್ನು ಅಲ್ಲಿಗೇ ಮಾರಲೂಬಹುದಿತ್ತು. ವೈಸರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದದ್ದರ ನೆನಪಿಗೆ 1892ರಲ್ಲಿ ಕಟ್ಟಿದ್ದು ಅದು. ಕೆಂಪು ಹೆಂಚಿನ ಇಳಿಜಾರು ಮಾಡು, ಮರದ ಮಹಡಿ, ಕೆಳಗೆ ಸಾಲಾಗಿ ಅಂಗಡಿಗಳು.

2012ರ ಆಗಸ್ಟ್ 25ರಂದು ಅದರ ಒಂದು ಭಾಗ ಕುಸಿದು ಬಿತ್ತು. ನಾಲ್ವರು ಪ್ರಾಣ ಕಳೆದುಕೊಂಡರು. ಅಂಗಡಿಗಳೆಲ್ಲ ಖಾಲಿಯಾದವು. ಸರಿಯಾಗಿ ನಾಲ್ಕು ವರ್ಷಕ್ಕೆ, 2016ರ ಆಗಸ್ಟ್‌ನಲ್ಲಿ, ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಕಡೆಯ ಭಾಗವೂ ಕುಸಿಯಿತು. ಮಲ್ಲಿಗೆ, ವೀಳ್ಯದೆಲೆ, ಅರಿಸಿನ ಕುಂಕುಮ, ರಸಬಾಳೆ ಎಂದರೆ ಮೈಸೂರಿನವರ ಕಾಲು ತಾನಾಗಿ ಹೋಗುವ ಜಾಗ ಅದು. ಕೆಡವಿ ಹೊಸದು ಕಟ್ಟಬೇಕೋ, ರಿಪೇರಿ ಮಾಡಿ ಉಳಿಸಬೇಕೋ ಎಂಬ ವಾದ ಅಂದಿನಿಂದ ನಡೆದೇ ಇದೆ. ಸಮಿತಿಗಳು ಕುಳಿತವು, ವರದಿಗಳು ಬಂದವು, ವಿಷಯ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು.

ವರದಿ ಬೇಕು, ಕೋರ್ಟೂ ಬೇಕು. ಆದರೆ ವರದಿಯನ್ನು ಓದುವವರು ಹತ್ತು ಜನ, ಚಿತ್ರವನ್ನು ನೋಡುವವರು ಹತ್ತು ಸಾವಿರ ಜನ. ಹಳೆಯ ಕಟ್ಟಡವೊಂದು ನಮ್ಮ ಕಣ್ಣೆದುರೇ ಸಾಯುತ್ತಿರುವಾಗ ಅದರ ಕಡೆ ಊರಿನ ಮುಖ ತಿರುಗಿಸುವ ಶಕ್ತಿ ಚಿತ್ರಕ್ಕಿದೆ, ಕಥೆಗಿದೆ, ನಾಟಕಕ್ಕಿದೆ. ಇದು ಬರೀ ಬಾಯಿಮಾತಲ್ಲ. ನಮ್ಮ ನಾಡಿನಲ್ಲೇ ಉದಾಹರಣೆಗಳಿವೆ.

ಗುಂಡಿಯೊಳಗಿನ ಮೊಸಳೆ

ಮೊದಲು ಒಂದು ಮೊಸಳೆಯ ವಿಷಯ. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ದೊಡ್ಡ ಗುಂಡಿಯೊಂದು ಬಾಯಿ ತೆರೆದು ಕೂತಿತ್ತು. ಜನ ದೂರಿದ್ದರು, ಬೈದಿದ್ದರು, ಪಕ್ಕದಲ್ಲಿ ಬಳಸಿಕೊಂಡು ಹೋಗುವುದನ್ನೂ ರೂಢಿ ಮಾಡಿಕೊಂಡಿದ್ದರು. ಒಂದು ದಿನ ಬೆಳಗ್ಗೆ ನೋಡಿದರೆ ಗುಂಡಿಯೇ ಕೊಳವಾಗಿದೆ, ಅದರೊಳಗೊಂದು ಮೊಸಳೆ! ಫೈಬರ್‌ನಲ್ಲಿ ಮಾಡಿದ ಆ ಮೊಸಳೆಯನ್ನು ತಂದಿಟ್ಟವರು ಬಾದಲ್ ನಂಜುಂಡಸ್ವಾಮಿ. ಮೈಸೂರಿನವರೇ, ಇಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ (ಕಾವಾ) ಕಲಿತ ಕಲಾವಿದರು. ಮೊಸಳೆಯ ಫೋಟೊ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅಧಿಕಾರಿಗಳು ಬಂದರು. ಗುಂಡಿ ಮುಚ್ಚಿತು.

ಮೊಸಳೆ ಮಾಡಿದ್ದೇನು? ಡಾಂಬರು ಹಾಕಲಿಲ್ಲ, ಜಲ್ಲಿ ಹೊರಲಿಲ್ಲ. ಎಲ್ಲರೂ ದಿನಾ ನೋಡುತ್ತಿದ್ದುದನ್ನು ಎಲ್ಲರೂ ಮತ್ತೊಮ್ಮೆ ನೋಡುವಂತೆ ಮಾಡಿತು, ಅಷ್ಟೆ. ರೂಢಿಯಾದ ಮೇಲೆ ಕಣ್ಣಿಗೆ ಗುಂಡಿಯೂ ಕಾಣುವುದಿಲ್ಲ, ಬಿರುಕು ಬಿಟ್ಟ ಗೋಡೆಯೂ ಕಾಣುವುದಿಲ್ಲ. ದಿನಾ ಬಸ್ಸಿನಲ್ಲಿ ಹೋಗುವಾಗ ಎದುರಾಗುವ ಹಳೆಯ ಕಟ್ಟಡದ ನೆತ್ತಿಯಲ್ಲಿ ಅರಳಿ ಗಿಡ ಬೆಳೆದು ಮರವಾದರೂ ನಮಗೆ ಗೊತ್ತಾಗುವುದಿಲ್ಲ. ಕಾಣದೇ ಹೋದದ್ದನ್ನು ಕಾಣಿಸುವುದೇ ಕಲೆಯ ಮೊದಲ ಕೆಲಸ.

ಮಾಲ್ಗುಡಿ ಕಾಪಾಡಿದ ಮನೆ

ಮೊಸಳೆಯಿಂದ ರಸ್ತೆ ಸರಿಹೋಯಿತು, ಸರಿ. ಕಲೆಯಿಂದ ಕಟ್ಟಡ ಉಳಿದದ್ದುಂಟೇ? ಉಂಟು. ಮೈಸೂರಿನ ಯಾದವಗಿರಿಗೆ ಹೋದರೆ ಕಣ್ಣಾರೆ ನೋಡಬಹುದು.

ಆರ್.ಕೆ. ನಾರಾಯಣ್ ಅವರ ಹೆಸರನ್ನು ನೀವು ಕೇಳಿರುತ್ತೀರಿ. ಅವರು ಬರೆದದ್ದು ಇಂಗ್ಲಿಷಿನಲ್ಲಿ, ಬದುಕಿದ್ದು ಮೈಸೂರಿನಲ್ಲಿ. ಮಾಲ್ಗುಡಿ ಎಂಬ ಊರನ್ನು ಮನಸ್ಸಿನಲ್ಲೇ ಕಟ್ಟಿ, ಅದರ ಬೀದಿಗಳಲ್ಲಿ ಸ್ವಾಮಿ ಎಂಬ ಹುಡುಗನನ್ನು ಓಡಾಡಿಸಿದರು. ಅವರ ತಮ್ಮ ಆರ್.ಕೆ. ಲಕ್ಷ್ಮಣ್ ಆ ಕಥೆಗಳಿಗೆ ಚಿತ್ರ ಬರೆದರು. ‘ಸಾಮಾನ್ಯ ಮನುಷ್ಯ’ನ ವ್ಯಂಗ್ಯಚಿತ್ರ ಬರೆಯುತ್ತಿದ್ದ ಲಕ್ಷ್ಮಣ್ ಎಂದರೆ ತಾತಂದಿರಿಗೆ ತಟ್ಟನೆ ಗೊತ್ತಾಗುತ್ತದೆ. ಅಣ್ಣನದು ಅಕ್ಷರ, ತಮ್ಮನದು ಗೆರೆ. ಇಲ್ಲದ ಊರೊಂದು ಇದ್ದ ಊರಿಗಿಂತ ಹೆಚ್ಚು ಜನರಿಗೆ ಪರಿಚಯವಾಯಿತು.

ನಾರಾಯಣ್ ಯಾದವಗಿರಿಯಲ್ಲಿ ಒಂದು ಮನೆ ಕಟ್ಟಿಸಿಕೊಂಡಿದ್ದರು. ಮಹಡಿಯ ಮೇಲೆ, ಸುತ್ತ ಕಿಟಕಿಗಳಿರುವ ಕೋಣೆ ಅವರು ಬರೆಯುತ್ತಿದ್ದ ಜಾಗ. ಅವರು 2001ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ, 2011ರಲ್ಲಿ, ಆ ಮನೆಯನ್ನು ಕೆಡವುವ ಕೆಲಸ ಶುರುವಾಯಿತು. ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ‘ಮಾಲ್ಗುಡಿಯ ಮನೆ ಕೆಡವುತ್ತಿದ್ದಾರೆ’ ಎಂದು ಜನ ಎದ್ದು ನಿಂತರು. ಕೆಲಸ ನಿಂತಿತು. ಮುಂದೆ ನಗರಪಾಲಿಕೆ ಮನೆಯನ್ನು ಕೊಂಡು, ದುರಸ್ತಿ ಮಾಡಿಸಿ, 2016ರ ಜುಲೈನಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಯೋಚಿಸಿ. ಅದು ಅರಮನೆಯಲ್ಲ, ದೇವಸ್ಥಾನವೂ ಅಲ್ಲ. ಅದಕ್ಕಿಂತ ಹಳೆಯ ಎಷ್ಟೋ ಮನೆಗಳು ಮೈಸೂರಿನಲ್ಲಿ ಸದ್ದಿಲ್ಲದೆ ನೆಲ ಕಂಡಿವೆ. ಈ ಮನೆಗೆ ಮಾತ್ರ ಊರೇ ಅಡ್ಡ ನಿಂತದ್ದೇಕೆ? ಅದರ ಹಿಂದೆ ಕಥೆಯಿತ್ತು, ಚಿತ್ರವಿತ್ತು.

ಮಾಲ್ಗುಡಿ ಇನ್ನೊಂದು ಕಟ್ಟಡವನ್ನೂ ಕಾಪಾಡಿತು. ಶಂಕರ್‌ನಾಗ್ ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿತ್ತು. ಊರಿನ ದೃಶ್ಯಗಳನ್ನು ತೆಗೆದದ್ದು ಆಗುಂಬೆಯಲ್ಲಿ. ಮಾಲ್ಗುಡಿಯ ರೈಲು ನಿಲ್ದಾಣವಾಗಿ ಕಾಣಿಸಿಕೊಂಡದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದಲ್ಲಿರುವ ಅರಸಾಳು ಎಂಬ ಪುಟ್ಟ ನಿಲ್ದಾಣ. ಮುಂದೆ ಹೊಸ ನಿಲ್ದಾಣ ಕಟ್ಟಿದ ಮೇಲೆ ಹಳೆಯದು ಪಾಳು ಬಿತ್ತು. ಕಾಡಿನ ನಡುವಿನ ಅಂಥ ಹೆಂಚಿನ ಮನೆಯನ್ನು ಯಾರು ಕೇಳುತ್ತಾರೆ? ಆದರೆ ಅದು ಮಾಲ್ಗುಡಿಯಾಗಿತ್ತಲ್ಲ! ರೈಲ್ವೆಯ ಮೈಸೂರು ವಿಭಾಗದವರು ಅದನ್ನು ದುರಸ್ತಿ ಮಾಡಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿದರು. ಅದಕ್ಕೆ ರೂಪ ಕೊಟ್ಟವರು ಜಾನ್ ದೇವರಾಜ್. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದವರೂ ಅವರೇ.

ಚಿತ್ರದಲ್ಲಷ್ಟೇ ಉಳಿದವು

ಹೀಗೆ ಉಳಿದವುಗಳ ಪಟ್ಟಿ ಚಿಕ್ಕದು. ಹೋದವುಗಳ ಪಟ್ಟಿ ದೊಡ್ಡದು. ಹೋದವುಗಳಲ್ಲಿ ಕೆಲವನ್ನು ನಾವು ಇಂದು ಚಿತ್ರದಲ್ಲಿ ಮಾತ್ರ ನೋಡಬಹುದು.

ರಾಬರ್ಟ್ ಹೋಮ್ ಎಂಬ ಇಂಗ್ಲಿಷ್ ಚಿತ್ರಕಾರ 1791–92ರಲ್ಲಿ ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದ ಕಾರ್ನ್‌ವಾಲಿಸನ ಸೈನ್ಯದ ಜೊತೆಯಲ್ಲಿದ್ದ. ಸುತ್ತ ಫಿರಂಗಿ ಗುಡುಗುತ್ತಿದ್ದ ಕಾಲದಲ್ಲಿ ಅವನು ಶ್ರೀರಂಗಪಟ್ಟಣ, ಬೆಂಗಳೂರು, ಸಾವನದುರ್ಗ, ಶಿವಗಂಗೆಗಳ ನೋಟಗಳನ್ನು ಬರೆದುಕೊಂಡ. 1794ರಲ್ಲಿ ಅವು ಪುಸ್ತಕವಾಗಿ ಬಂದವು. ಅವನು ಕಂಡ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆ ಇನ್ನೂ ನಿಂತಿತ್ತು. ಈಗ ನೀವು ಶಾಲೆಯ ಪ್ರವಾಸದಲ್ಲಿ ಹೋದರೆ ಲಾಲ್ ಮಹಲಿನ ಜಾಗದಲ್ಲಿ ಕಾಣುವುದು ಬರೀ ತಳಪಾಯದ ಅವಶೇಷ. ಅರಮನೆಯ ಮರಗಳು ಎಲ್ಲಿಗೆ ಹೋದವು ಗೊತ್ತೇ? 1830ರ ಸುಮಾರಿಗೆ ಊಟಿಯಲ್ಲಿ ಸಂತ ಸ್ಟೀಫನ್ನರ ಚರ್ಚು ಕಟ್ಟುವಾಗ ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯ ತೊಲೆಗಳನ್ನು ಬೆಟ್ಟ ಹತ್ತಿಸಿ ಒಯ್ದರು. ಊಟಿಗೆ ಹೋದಾಗ ಆ ಚರ್ಚಿನ ಒಳಗೆ ತಲೆ ಎತ್ತಿ ನೋಡಿ. ನಮ್ಮ ಅರಮನೆಯ ತೊಲೆ ಅಲ್ಲಿ ಯಾರದೋ ಸೂರು ಹೊತ್ತು ನಿಂತಿದೆ.

ಮೈಸೂರಿನ ಅರಮನೆಯೂ ಹಾಗೆಯೇ. ಈಗ ದೀಪಗಳಿಂದ ಝಗಮಗಿಸುವ ಅರಮನೆ ಪೂರ್ಣವಾದದ್ದು 1912ರಲ್ಲಿ. ಅದಕ್ಕೆ ಮೊದಲು ಅಲ್ಲಿದ್ದ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ, ಬೆಂಕಿಗೆ ಆಹುತಿಯಾಯಿತು. ಅದು ಹೇಗಿತ್ತೆಂದು ತಿಳಿಯಲು ಹಳೆಯ ಚಿತ್ರಗಳನ್ನೂ ಫೋಟೊಗಳನ್ನೂ ಹುಡುಕಬೇಕು. ಹೊಸ ಅರಮನೆಯ ಕಲ್ಯಾಣ ಮಂಟಪದ ಗೋಡೆಗಳ ಮೇಲೆ ದಸರಾ ಮೆರವಣಿಗೆಯ 26 ವರ್ಣಚಿತ್ರಗಳಿವೆ. 1934ರಿಂದ 1945ರವರೆಗೆ ಅರಮನೆಯ ಕಲಾವಿದರು ನಿಜವಾದ ಫೋಟೊಗಳನ್ನು ನೋಡಿಕೊಂಡು ಬರೆದ ಚಿತ್ರಗಳು ಅವು. ಮುಂದಿನ ಸಲ ಹೋದಾಗ ಆನೆ, ಕುದುರೆಗಳ ಜೊತೆಗೆ ಅವುಗಳ ಹಿಂದಿರುವ ಊರನ್ನೂ ಸ್ವಲ್ಪ ಹೊತ್ತು ನಿಂತು ನೋಡಿ.

ಬೆಂಗಳೂರಿನಲ್ಲಿ ಪಾಲ್ ಫರ್ನಾಂಡಿಸ್ ಎಂಬ ವ್ಯಂಗ್ಯಚಿತ್ರಕಾರರಿದ್ದಾರೆ. ಅರವತ್ತು, ಎಪ್ಪತ್ತರ ದಶಕದ ಬೆಂಗಳೂರನ್ನು ಅವರು ಜಲವರ್ಣದಲ್ಲಿ ಮತ್ತೆ ಕಟ್ಟಿದರು. ಟಾಕೀಸಿನ ಮುಂದಿನ ಸಾಲು, ಬಂಗಲೆಯ ಗೇಟು, ಸೈಕಲ್ಲು, ನಾಯಿ, ನೆರಳಿನ ರಸ್ತೆ. ನೋಡುತ್ತ ನೋಡುತ್ತ ಹಿರಿಯರು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ಏಕೆಂದರೆ ಅಲ್ಲಿರುವ ಎಷ್ಟೋ ಕಟ್ಟಡಗಳು ಈಗಿಲ್ಲ. ಎಂ.ಜಿ. ರಸ್ತೆಯಲ್ಲಿ ಪ್ಲಾಜಾ ಚಿತ್ರಮಂದಿರವಿದ್ದ ಜಾಗದಲ್ಲಿ ಇಂದು ಮೆಟ್ರೊ ಹತ್ತುತ್ತೇವೆ. ಹೋದ ಮೇಲೆ ಬರೆದ ಚಿತ್ರ ನೆನಪನ್ನು ಉಳಿಸುತ್ತದೆ, ಕಟ್ಟಡವನ್ನು ಉಳಿಸುವುದಿಲ್ಲ.

ಚಿತ್ರ ನೋಡಿ ಊರು ಕಟ್ಟಿದರು

ಇರುವಾಗಲೇ ಬರೆದಿಟ್ಟ ಚಿತ್ರದ ಬೆಲೆ ಎಷ್ಟೆಂದು ತಿಳಿಯಲು ದೂರದ ಪೋಲೆಂಡ್ ದೇಶಕ್ಕೆ ಒಮ್ಮೆ ಹೋಗಿ ಬರೋಣ.

ಅದರ ರಾಜಧಾನಿ ವಾರ್ಸಾ. ಬೆರ್ನಾರ್ದೊ ಬೆಲ್ಲೊತ್ತೊ ಎಂಬ ಇಟಲಿಯ ಚಿತ್ರಕಾರ ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ರಾಜನಿಗಾಗಿ ಊರಿನ ಬೀದಿ, ಚೌಕ, ಚರ್ಚು, ಮನೆಗಳ ಇಪ್ಪತ್ತಕ್ಕೂ ಹೆಚ್ಚು ಚಿತ್ರಗಳನ್ನು ಬರೆದ. ಕಿಟಕಿಯ ಕಂಬಿಯೂ ಕಾಣುವಷ್ಟು ವಿವರ. ಅರಮನೆಯ ಗೋಡೆಗೆ ಅಲಂಕಾರವಾಗಲಿ ಎಂದು ಬರೆಸಿದ ಚಿತ್ರಗಳವು. ಇನ್ನೂರು ವರ್ಷದ ಮೇಲೆ ಯಾವ ಕೆಲಸಕ್ಕೆ ಬರುತ್ತವೆಂದು ರಾಜನಿಗೂ ಗೊತ್ತಿರಲಿಲ್ಲ, ಚಿತ್ರಕಾರನಿಗೂ ಗೊತ್ತಿರಲಿಲ್ಲ.

ಎರಡನೆಯ ಮಹಾಯುದ್ಧ ಬಂತು. 1944ರಲ್ಲಿ ನಾಜಿ ಸೈನಿಕರು ವಾರ್ಸಾದ ಹಳೆಯ ಪೇಟೆಯನ್ನು ಮನೆ ಮನೆಯಾಗಿ ಹುಡುಕಿ ನೆಲಸಮ ಮಾಡಿದರು. ಯುದ್ಧ ಮುಗಿದ ಮೇಲೆ ಜನ ಊರು ಬಿಟ್ಟು ಹೋಗಲಿಲ್ಲ. ಬೆಲ್ಲೊತ್ತೊನ ಚಿತ್ರಗಳನ್ನು ಎದುರಿಗಿಟ್ಟುಕೊಂಡರು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ಯುದ್ಧಕ್ಕೆ ಮೊದಲು ಅಲ್ಲಿನ ಎಂಜಿನಿಯರಿಂಗ್ ಕಾಲೇಜಿನ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಟೇಪು ಹಿಡಿದು ಹಳೆಯ ಕಟ್ಟಡಗಳನ್ನು ಅಳೆದು ನಕ್ಷೆ ಬರೆದಿದ್ದರು. ಯುದ್ಧದ ಕಾಲದಲ್ಲಿ ಆ ನಕ್ಷೆಗಳನ್ನು ಗುಟ್ಟಾಗಿ ಊರಾಚೆ ಸಾಗಿಸಿ ಬೇರೊಂದು ಊರಿನ ಮಠದಲ್ಲಿ ಬಚ್ಚಿಟ್ಟರು. ಚಿತ್ರದಿಂದ ಚಹರೆ ಸಿಕ್ಕಿತು, ನಕ್ಷೆಯಿಂದ ಅಳತೆ ಸಿಕ್ಕಿತು. ಊರು ಮತ್ತೆ ಎದ್ದು ನಿಂತಿತು. 1980ರಲ್ಲಿ ಯುನೆಸ್ಕೊ ಆ ಹಳೆಯ ಪೇಟೆಯನ್ನು ವಿಶ್ವ ಪರಂಪರೆಯ ತಾಣವೆಂದು ಒಪ್ಪಿತು.

ಬ್ಯಾಂಕಿನಲ್ಲಿ ಕೆಲಸ ಮಾಡಿದ ನನ್ನಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಮೂಲ ಪತ್ರ ಕಳೆದುಹೋದರೂ ನಕಲು ಭದ್ರವಾಗಿದ್ದರೆ ವ್ಯವಹಾರ ನಿಲ್ಲುವುದಿಲ್ಲ. ಆದರೆ ನಕಲು ಮಾಡಬೇಕಾದದ್ದು ಮೂಲ ಕೈಯಲ್ಲಿದ್ದಾಗ.

ಚಿತ್ರವೊಂದೇ ಸಾಲದು

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಲ್ಯಾನ್ಸ್‌ಡೌನ್ ಕಟ್ಟಡದ ಫೋಟೊಗಳಿಗೆ ಏನೂ ಕೊರತೆಯಿರಲಿಲ್ಲ. ದೇವರಾಜ ಮಾರುಕಟ್ಟೆಯ ಕುಂಕುಮದ ಗೋಪುರಗಳನ್ನು ದೇಶ ವಿದೇಶದ ಪ್ರವಾಸಿಗಳು ಕ್ಯಾಮೆರಾದಲ್ಲಿ ತುಂಬಿಕೊಂಡು ಹೋಗಿದ್ದಾರೆ. ಆದರೂ ಅವು ಕುಸಿದವು. ಅಂದ ನೋಡಿದವರು ಬಹಳ, ಬಿರುಕು ನೋಡಿದವರು ಕಡಿಮೆ.

ಹಳೆಯ ಕಟ್ಟಡಗಳು ಇದ್ದಕ್ಕಿದ್ದಂತೆ ಬೀಳುವುದಿಲ್ಲ, ಬಹಳ ದಿನ ಮುಂಚಿನಿಂದಲೇ ಸೂಚನೆ ಕೊಡುತ್ತವೆ. ಮಾಡಿನ ದೋಣಿಯಲ್ಲಿ ಎಲೆ ಕಟ್ಟಿ ಮಳೆ ನೀರು ಗೋಡೆಗೆ ಇಳಿಯುತ್ತದೆ. ಹಕ್ಕಿ ಹಾಕಿದ ಬೀಜದಿಂದ ಅರಳಿ ಗಿಡ ಹುಟ್ಟಿ ಬೇರು ಬಿಡುತ್ತದೆ. ತೊಲೆಯ ತುದಿಗೆ ಗೆದ್ದಲು ಹಿಡಿಯುತ್ತದೆ. ಹಿಂದಿನವರು ಕಟ್ಟಿದ್ದು ಇಟ್ಟಿಗೆ ಮತ್ತು ಸುಣ್ಣದ ಗಾರೆಯಲ್ಲಿ. ಗಾರೆಯ ಗೋಡೆ ಉಸಿರಾಡುತ್ತದೆ, ಎಂದರೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಒಳಗಿಂದೊಳಗೇ ಕೊಳೆಯುತ್ತದೆ. ರಿಪೇರಿ ಎಂದು ಮಾಡಿದ್ದೇ ರೋಗವಾಗುವುದು ಹೀಗೆ.

ಆದ್ದರಿಂದ ನಾವು ಬರೆಯುವ ಚಿತ್ರದಲ್ಲಿ ಬಿರುಕೂ ಇರಲಿ, ಅರಳಿ ಗಿಡವೂ ಇರಲಿ. ಅಂದವನ್ನಷ್ಟೇ ಬರೆದರೆ ಅದು ಕ್ಯಾಲೆಂಡರಿನ ಚಿತ್ರ. ಇದ್ದದ್ದನ್ನು ಇದ್ದಂತೆ ಬರೆದರೆ ಅದು ಅರ್ಜಿ.

ಕಡಕೊಳದ ದಾರಿಯಲ್ಲಿ

ಇದೆಲ್ಲ ಮೈಸೂರು, ಬೆಂಗಳೂರಿನಂಥ ದೊಡ್ಡ ಊರಿನ ಮಾತಾಯಿತು ಎನ್ನಬೇಡಿ. ನಾನಿರುವ ಕಡಕೊಳ ಮೈಸೂರು–ನಂಜನಗೂಡು ರಸ್ತೆಯಲ್ಲಿದೆ. ಒಂದು ಕಾಲದ ಹಳ್ಳಿ ಇಂದು ಕಾರ್ಖಾನೆಗಳ ಊರು, ಪಟ್ಟಣ ಪಂಚಾಯಿತಿ. ಬಡಾವಣೆಗಳು ಬೆಳೆದಂತೆ ನಮ್ಮ ಸೀಮೆಯ ಹಳ್ಳಿಗಳಲ್ಲಿ ತೊಟ್ಟಿ ಮನೆಗಳು ಕಡಿಮೆಯಾಗುತ್ತಿವೆ. ನಡುವೆ ಆಕಾಶ ಕಾಣುವ ತೊಟ್ಟಿ, ಸುತ್ತ ಮರದ ಕಂಬ, ಮುಂದೆ ಜಗುಲಿ, ಮೇಲೆ ನಾಡ ಹೆಂಚು. ಅಣ್ಣ ತಮ್ಮಂದಿರು ಪಾಲಾದಾಗ ಮನೆಯೂ ಪಾಲಾಗುತ್ತದೆ. ನಡುವೆ ಗೋಡೆ ಏಳುತ್ತದೆ, ತೊಟ್ಟಿ ಮುಚ್ಚುತ್ತದೆ, ಕಂಬಗಳು ಮಾರಾಟವಾಗುತ್ತವೆ. ಅವರನ್ನು ದೂರುವಂತಿಲ್ಲ. ಹೆಂಚು ಕೈಯಾಡಿಸುವವರೇ ಈಗ ಸಿಗುವುದಿಲ್ಲ, ಮಳೆಗೆ ಸೋರುವ ಮನೆಯಲ್ಲಿ ಯಾರು ತಾನೇ ಇರುತ್ತಾರೆ? ಆದರೆ ಕೆಡವುವ ಮುನ್ನ ಒಂದು ಚಿತ್ರ ಬರೆದಿಡಲು ದುಡ್ಡು ಬೇಕಿಲ್ಲ.

ಇದೇ ರಸ್ತೆಯಲ್ಲಿ ಮುಂದೆ ಹೋದರೆ ನಂಜನಗೂಡಿನಲ್ಲಿ ಕಪಿಲಾ ನದಿಯ ಮೇಲಿನ ಹಳೆಯ ಸೇತುವೆ ಇದೆ. 1735ರಲ್ಲಿ ದಳವಾಯಿ ದೇವರಾಜಯ್ಯ ಕಟ್ಟಿಸಿದ್ದು. ಎತ್ತಿನ ಗಾಡಿಗೆಂದು ಕಟ್ಟಿದ ಸೇತುವೆ ಮುಂದೆ ರೈಲನ್ನೂ ಬಸ್ಸನ್ನೂ ಒಟ್ಟಿಗೆ ಹೊತ್ತಿತು. ರೈಲು ಹಳಿ ಅಗಲವಾದ ಮೇಲೆ ಪಕ್ಕದಲ್ಲಿ ಹೊಸ ಸೇತುವೆ ಬಂತು, ಹಳೆಯದು ವಿಶ್ರಾಂತಿಯಲ್ಲಿದೆ. ಮೊನೆಯಾದ ಕಮಾನುಗಳ ಆ ಸಾಲು ಚಿತ್ರ ಕಲಿಯುವ ಮಕ್ಕಳಿಗೆ ಒಳ್ಳೆಯ ಪಾಠ. ದೊಡ್ಡವರ ಜೊತೆಯಲ್ಲಿ ಹೋಗಿ, ದೂರದಿಂದ ಬರೆಯಿರಿ, ನೀರಿನ ಹತ್ತಿರ ಇಳಿಯಬೇಡಿ.

ಬೇಸಿಗೆ ರಜೆಗೆ ಒಂದು ಕೆಲಸ

ಮಕ್ಕಳೇ, ಈ ರಜೆಯಲ್ಲಿ ನಿಮ್ಮ ಊರಿನ ಒಂದು ಹಳೆಯ ಕಟ್ಟಡವನ್ನು ಆರಿಸಿಕೊಳ್ಳಿ. ಮನೆ, ಶಾಲೆ, ಛತ್ರ, ಅರಳಿ ಕಟ್ಟೆ, ರೈಲು ನಿಲ್ದಾಣ, ಯಾವುದಾದರೂ ಸರಿ. ಮನೆಯಾದರೆ ಮನೆಯವರನ್ನು ಕೇಳಿಯೇ ಒಳಗೆ ಹೋಗಿ. ಗೋಡೆ ವಾಲಿದ್ದರೆ, ಬಿರುಕು ಬಿಟ್ಟಿದ್ದರೆ ಹೊರಗೆ ನಿಂತೇ ಬರೆಯಿರಿ.

ಮೊದಲು ಮುಂಭಾಗದ ಚಿತ್ರ. ಕಿಟಕಿ ಎಷ್ಟು, ಕಂಬ ಎಷ್ಟು, ಮೆಟ್ಟಿಲು ಎಷ್ಟು ಎಂದು ಎಣಿಸಿಕೊಳ್ಳಿ. ಆಮೇಲೆ ಅಳತೆ. ಟೇಪು ಇಲ್ಲದಿದ್ದರೆ ಗೇಣು, ಮೊಳ, ಹೆಜ್ಜೆ ಸಾಕು. ನಿಮ್ಮ ಗೇಣು ಎಷ್ಟು ಸೆಂಟಿಮೀಟರ್ ಎಂದು ಒಂದು ಸಲ ಸ್ಕೇಲಿನಲ್ಲಿ ಅಳೆದು ಮೂಲೆಯಲ್ಲಿ ಬರೆದಿಡಿ. ಕೆಳಗೆ ಬಿದ್ದ ಹೆಂಚು ಸಿಕ್ಕರೆ ತಿರುಗಿಸಿ ನೋಡಿ. ಮಂಗಳೂರು ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮನೆಯ ವಯಸ್ಸು ತಿಳಿಯಲು ಆ ಹೆಸರೇ ಸುಳಿವು.

ತಾತ, ಅಜ್ಜಿಯರಿಗೂ ಇದರಲ್ಲಿ ಕೆಲಸವಿದೆ. ಆ ಜಗುಲಿಯಲ್ಲಿ ಯಾರು ಕೂರುತ್ತಿದ್ದರು, ಆ ಕೋಣೆಯಲ್ಲಿ ರಾಗಿ ತುಂಬುತ್ತಿದ್ದರೋ ಬಾಣಂತಿಯನ್ನು ಮಲಗಿಸುತ್ತಿದ್ದರೋ, ಮುಂಬಾಗಿಲನ್ನು ಯಾವ ಊರಿನ ಬಡಗಿ ಕೆತ್ತಿದ ಎಂಬುದು ಯಾವ ಟೇಪಿಗೂ ಸಿಗುವುದಿಲ್ಲ. ಮೊಮ್ಮಕ್ಕಳು ಚಿತ್ರ ಬರೆಯುವಾಗ ಪಕ್ಕದಲ್ಲಿ ಕೂತು ಹೇಳಿ, ಅವರು ಚಿತ್ರದ ಹಿಂಬದಿಯಲ್ಲಿ ಬರೆದುಕೊಳ್ಳಲಿ.

ಬರೆದದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಡಿ. ಶಾಲೆ ಶುರುವಾದ ಮೇಲೆ ಎಲ್ಲರ ಚಿತ್ರಗಳನ್ನೂ ಸೇರಿಸಿ ಒಂದು ಗೋಡೆಯ ಮೇಲೆ ಅಂಟಿಸಿ, ಊರಿನವರನ್ನು ಕರೆಯಿರಿ. ತನ್ನ ಮನೆ ಗೋಡೆಯ ಮೇಲೆ ಚಿತ್ರವಾಗಿರುವುದನ್ನು ಕಂಡ ಯಜಮಾನ ಕೆಡವುವ ಮುನ್ನ ಒಮ್ಮೆಯಾದರೂ ಯೋಚಿಸುತ್ತಾನೆ. ಕಟ್ಟಡ ಸರ್ಕಾರದ್ದಾದರೆ ಚಿತ್ರದ ಒಂದು ಜೆರಾಕ್ಸನ್ನು, ಬಿರುಕು ಎಲ್ಲಿದೆ ಎಂದು ಗುರುತು ಹಾಕಿ, ಪಂಚಾಯಿತಿಗೋ ನಗರಪಾಲಿಕೆಗೋ ಕೊಟ್ಟು ಬನ್ನಿ. ಮೈಸೂರಿನಲ್ಲಿ ಪಾರಂಪರಿಕ ಎಂದು ಗುರುತಿಸಿದ ಕಟ್ಟಡಗಳೇ ಇನ್ನೂರಕ್ಕೂ ಹೆಚ್ಚಿವೆ. ಪ್ರತಿಯೊಂದಕ್ಕೂ ಒಂದು ಶಾಲೆ ಎಂದು ಹಂಚಿಕೊಂಡರೂ ಶಾಲೆಗಳಿಗೇನೂ ಕೊರತೆಯಿಲ್ಲ.

ಕೊನೆಯದಾಗಿ, ಚಿತ್ರದ ಕೆಳಗೆ ಹೆಸರು ಹಾಕಿದಷ್ಟೇ ದೊಡ್ಡದಾಗಿ ತಾರೀಖನ್ನೂ ಹಾಕಿ. ಮುಂದಿನ ವರ್ಷ ಅದೇ ಜಾಗದಲ್ಲಿ ಕೂತು ಮತ್ತೊಂದು ಚಿತ್ರ ಬರೆಯಿರಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಿರುಕು ಎಷ್ಟು ಬೆಳೆದಿದೆ, ಅರಳಿ ಗಿಡಕ್ಕೆ ಎಷ್ಟು ಎಲೆ ಬಂದಿದೆ ಎಂದು ಮೂರನೆಯ ಕ್ಲಾಸಿನ ಮಗುವೂ ಹೇಳಬಲ್ಲದು. ಆಗ ದೊಡ್ಡವರು ‘ನಮಗೆ ಗೊತ್ತೇ ಆಗಲಿಲ್ಲ’ ಎನ್ನುವಂತಿಲ್ಲ.